ಕಡಿಮೆ ಖರ್ಚಿನಲ್ಲಿ ಜಾಝ್ ಗಿಟಾರ್: ಪದೇ ಪದೇ ಕೇಳುವ ಪ್ರಶ್ನೆಗಳು

ಜಾಝ್ ನುಡಿಸಲು ಬೇರೆಯದೇ ಗಿಟಾರ್ ಬೇಕೇ?

ಬೇಡ. ಶ್ರುತಿ ಹಿಡಿದು ನಿಲ್ಲುವ, ಹನ್ನೆರಡನೆಯ ಫ್ರೆಟ್‌ನ (ನೆಕ್, ಅಂದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿ) ಆಚೆಗೂ ಸ್ವರ ತಪ್ಪದ, ನೆಕ್ ಬುಡದಲ್ಲಿ ಒಂದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇರುವ ಯಾವ ಎಲೆಕ್ಟ್ರಿಕ್ ಗಿಟಾರಿನಲ್ಲೂ ಜಾಝ್ ನುಡಿಸಬಹುದು. ಅಂಗಡಿಗೆ ಹೋಗಿ ‘ಜಾಝ್ ಗಿಟಾರ್ ತೋರಿಸಿ’ ಎಂದರೆ ಗೋಡೆಯ ಮೇಲಿನ ಸಾಲಿನಿಂದ ದೊಡ್ಡ ಒಡಲಿನ, ಬಂಗಾರದ ಬಣ್ಣದ ಬಿರಡೆಗಳ ಗಿಟಾರನ್ನೇ ಇಳಿಸುತ್ತಾರೆ. ಅದು ಅಂಗಡಿಯವರ ತಪ್ಪಲ್ಲ, ನೀವು ಕೇಳಿದ್ದೇ ಅದನ್ನು. ಅದರ ಬದಲು, ಕಡಿಮೆ ಬೆಲೆಯ ನಾಲ್ಕು ಗಿಟಾರುಗಳ ನೆಕ್ ಪಿಕಪ್ ದನಿಯನ್ನು ಒಂದೇ ಆಂಪ್‌ನಲ್ಲಿ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೇಳಿಸಿ ಎಂದು ಕೇಳಿ.

ಈ ಪುಟದ ಉತ್ತರಗಳೆಲ್ಲ ಒಂದೇ ನಿಲುವಿನಿಂದ ಹೊರಟಿವೆ: ಕೈಯಲ್ಲಿರುವ ಹಣವನ್ನೆಲ್ಲ ಗಿಟಾರಿನ ಆಕಾರಕ್ಕೆ ಸುರಿಯಬಾರದು. ಮೂರರಲ್ಲೊಂದು ಪಾಲನ್ನಾದರೂ ತಂತಿ, ಸೆಟಪ್ (ಗಿಟಾರನ್ನು ಸರಿಹೊಂದಿಸುವ ಕೆಲಸ) ಮತ್ತು ಆಂಪ್‌ಗೆ ಎತ್ತಿಡಬೇಕು.

ಹಾಗಾದರೆ ಹಳೆಯ ಛಾಯಾಚಿತ್ರಗಳಲ್ಲಿ ಎಲ್ಲರ ಕೈಯಲ್ಲೂ ಆ ದೊಡ್ಡ ಗಿಟಾರೇ ಏಕಿದೆ?

ಬೇರೆ ದಾರಿ ಇರಲಿಲ್ಲ. ಅಮೆರಿಕದ ಗಿಬ್ಸನ್ ಕಂಪನಿ 1922ರಲ್ಲಿ ಎಲ್-5 ಮಾದರಿಯನ್ನು ತಂದಾಗ ವಿದ್ಯುತ್ ಗಿಟಾರ್ ಎಂಬುದೇ ಬಳಕೆಯಲ್ಲಿರಲಿಲ್ಲ. ಕಹಳೆ, ಸ್ಯಾಕ್ಸೊಫೋನ್, ಡ್ರಮ್‌ಗಳ ನಡುವೆ ಗಿಟಾರ್ ಕೇಳಿಸಬೇಕೆಂದರೆ ಒಡಲು ದೊಡ್ಡದಾಗಬೇಕಿತ್ತು. ಪಿಟೀಲಿನಂತೆ ಉಬ್ಬಿದ ಮೇಲ್ಪದರ, ಇಕ್ಕೆಲದಲ್ಲಿ ಎಫ್ ಆಕಾರದ ರಂಧ್ರಗಳು ಬಂದದ್ದು ಈ ಕಾರಣಕ್ಕೆ. ಕೌಂಟ್ ಬೇಸಿ ತಂಡದಲ್ಲಿ 1937ರಿಂದ ಅರ್ಧ ಶತಮಾನ ತಾಳ ಹಿಡಿದ ಫ್ರೆಡ್ಡಿ ಗ್ರೀನ್, ಆಂಪ್ ಇಲ್ಲದೆ, ತಂತಿಗಳನ್ನು ಎತ್ತರಿಸಿಕೊಂಡು, ಪ್ರತಿ ಮಾತ್ರೆಗೊಂದು ಮೀಟಿನಂತೆ ನುಡಿಸುತ್ತಿದ್ದರು.

1936ರಲ್ಲಿ ಗಿಬ್ಸನ್ ಇಎಸ್-150 ಬಂತು. ಅದಕ್ಕೆ ಒಂದು ಪಿಕಪ್ ಇತ್ತು. 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಚಾರ್ಲಿ ಕ್ರಿಶ್ಚಿಯನ್ ಆ ಗಿಟಾರನ್ನು ಸ್ಯಾಕ್ಸೊಫೋನಿನ ಸಮಕ್ಕೆ ನಿಲ್ಲಿಸಿ, 1942ರಲ್ಲಿ, ಇನ್ನೂ ಇಪ್ಪತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಆ ಬಳಿಕ ದೊಡ್ಡ ಒಡಲಿನ ಅಗತ್ಯ ನಿಜಕ್ಕೂ ಕಡಿಮೆಯಾಯಿತು. ಆದರೆ ಕಣ್ಣಿಗೆ, ಕೈಗೆ, ವೇದಿಕೆಗೆ ಅದು ಒಗ್ಗಿಹೋಗಿತ್ತು.

ಇನ್ನೂ ಒಂದು ವಿಷಯ ಗೊತ್ತಿರಲಿ. 1949ರಲ್ಲಿ ಬಂದ ಗಿಬ್ಸನ್ ಇಎಸ್-175 ಜಾಝ್ ದನಿ ಎಂದರೆ ಇದೇ ಎನ್ನುವಷ್ಟು ಹೆಸರು ಮಾಡಿದೆ. ಅದರ ಒಡಲು ಪ್ಲೈವುಡ್‌ನದು, ಮೇಪಲ್ ಹಾಳೆಗಳನ್ನು ಅಂಟಿಸಿ ಒತ್ತಿ ಬಾಗಿಸಿದ್ದು. ಹೆಸರಿನ 175 ಆಗಿನ ಡಾಲರ್ ಬೆಲೆ. ಕೆತ್ತಿದ ಮರದ ದುಬಾರಿ ಗಿಟಾರ್ ಕೊಳ್ಳಲಾಗದವರಿಗಾಗಿ ಮಾಡಿದ್ದೇ ಕೊನೆಗೆ ಮಾದರಿಯಾಯಿತು. ಆದ್ದರಿಂದ ‘ಪ್ಲೈವುಡ್ ಒಡಲಾದರೆ ಪರವಾಗಿಲ್ಲವೇ’ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಆಂಪ್ ಮೂಲಕ ನುಡಿಸುವವರಿಗೆ ಅದು ದೋಷವಲ್ಲ.

ಸಾಲಿಡ್ ಬಾಡಿ (ಟೊಳ್ಳಿಲ್ಲದ, ಗಟ್ಟಿ ಮರದ ಒಡಲಿನ) ಗಿಟಾರಿನಲ್ಲಿ ದೊಡ್ಡವರು ಯಾರಾದರೂ ಜಾಝ್ ನುಡಿಸಿದ್ದಾರೆಯೇ?

ಧಾರಾಳವಾಗಿ. ಕೆನಡಾದ ಎಡ್ ಬಿಕರ್ಟ್ 1970ರ ದಶಕದಲ್ಲಿ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಜೊತೆ ನುಡಿಸಿದ್ದನ್ನು ಕಣ್ಣು ಮುಚ್ಚಿ ಕೇಳಿದರೆ ದೊಡ್ಡ ಹಾಲೋಬಾಡಿ (ಟೊಳ್ಳು ಒಡಲಿನ) ಗಿಟಾರೆಂದೇ ಅನ್ನಿಸುತ್ತದೆ. ಅವರ ಕೈಯಲ್ಲಿದ್ದದ್ದು ಫೆಂಡರ್ ಟೆಲಿಕಾಸ್ಟರ್, ಹಳ್ಳಿಗಾಡಿನ ಅಮೆರಿಕನ್ ಸಂಗೀತಕ್ಕೆ ಹೆಸರಾದ ಹಲಗೆ ಗಿಟಾರ್. ನೆಕ್ ಬಳಿ ಒಂದು ಹಮ್‌ಬಕರ್ (ಎರಡು ಸುರುಳಿಗಳ ಪಿಕಪ್) ಹಾಕಿಸಿಕೊಂಡಿದ್ದರು, ಅಷ್ಟೇ. ಟೆಡ್ ಗ್ರೀನ್ ಒಬ್ಬರೇ ಕುಳಿತು ಇಡೀ ವಾದ್ಯವೃಂದದಂತೆ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನು) ಹೆಣೆದದ್ದೂ ಟೆಲಿಕಾಸ್ಟರ್‌ನಲ್ಲಿ. ಬಿಲ್ ಫ್ರಿಸೆಲ್, ಈಗಿನ ತಲೆಮಾರಿನ ಜೂಲಿಯನ್ ಲಾಜ್ ಕೂಡ ಅದೇ ಕುಟುಂಬದ ಗಿಟಾರುಗಳತ್ತ ಒಲಿದವರು.

ಜೋ ಪಾಸ್ ಕಥೆ ಎಲ್ಲಕ್ಕಿಂತ ಹೆಚ್ಚು ಧೈರ್ಯ ಕೊಡುತ್ತದೆ. ಮಾದಕ ವ್ಯಸನದಿಂದ ಹೊರಬರಲು ಕ್ಯಾಲಿಫೋರ್ನಿಯಾದ ಪುನರ್ವಸತಿ ಕೇಂದ್ರವೊಂದನ್ನು ಸೇರಿದ್ದ ಅವರ ಬಳಿ ಸ್ವಂತ ಗಿಟಾರ್ ಇರಲಿಲ್ಲ. 1962ರಲ್ಲಿ ಅವರತ್ತ ಜಗತ್ತು ತಿರುಗಿ ನೋಡುವಂತೆ ಮಾಡಿದ ಧ್ವನಿಮುದ್ರಿಕೆಯ ಕಾಲಕ್ಕೆ ನುಡಿಸುತ್ತಿದ್ದದ್ದು ಆ ಕೇಂದ್ರದ ಫೆಂಡರ್ ಸಾಲಿಡ್ ಬಾಡಿ. ಇಎಸ್-175 ಅವರಿಗೆ ಆಮೇಲೆ ಅಭಿಮಾನಿಯೊಬ್ಬರ ಉಡುಗೊರೆಯಾಗಿ ಬಂತು.

ಫೆಂಡರ್ ಜಾಝ್‌ಮಾಸ್ಟರ್‌ನ ಹೆಸರಿನಲ್ಲೇ ಜಾಝ್ ಇದೆಯಲ್ಲ?

ಹೆಸರಿನಲ್ಲಿ ಮಾತ್ರ. ಜಾಝ್ ವಾದಕರನ್ನು ಸೆಳೆಯಲೆಂದೇ 1958ರಲ್ಲಿ ಅದನ್ನು ಬಿಡುಗಡೆ ಮಾಡಿದರು. ಅವರು ಅತ್ತ ಹೆಚ್ಚು ತಿರುಗಲಿಲ್ಲ, ಸರ್ಫ್ ಎಂಬ ರಾಕ್ ಸಂಗೀತದ ಹುಡುಗರು ಎತ್ತಿಕೊಂಡರು. ಒಳ್ಳೆಯ ಗಿಟಾರೇ, ಆದರೆ ಹೆಸರು ನೋಡಿ ಕೊಳ್ಳಬೇಡಿ. ಜಾಝ್ ಬೇಸ್ ಅಂತೂ ಗಿಟಾರೇ ಅಲ್ಲ, ನಾಲ್ಕು ತಂತಿಯ ಬೇಸ್ ವಾದ್ಯ.

ಪಿಕಪ್ ಯಾವುದಿರಬೇಕು?

ಆಯ್ಕೆಯಿದ್ದರೆ ನೆಕ್ ಬಳಿ ಹಮ್‌ಬಕರ್ ಇರುವುದನ್ನು ನೋಡಿ. ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿ, ಇಬ್ಬದಿಯ ಗುಂಯ್‌ಗುಡುವಿಕೆ ಒಂದನ್ನೊಂದು ಅಳಿಸುವಂತೆ ಮಾಡಿದ ಪಿಕಪ್ ಅದು. ಗಿಬ್ಸನ್‌ನ ಸೆತ್ ಲವರ್ ರೂಪಿಸಿದ ಇದು 1957ರಿಂದ ಗಿಟಾರುಗಳಲ್ಲಿ ಬಂತು. ದನಿ ತುಸು ದಪ್ಪ, ಅಂಚು ಕಡಿಮೆ. ಕ್ರಿಶ್ಚಿಯನ್ ಕಾಲದಲ್ಲಿ ಇದ್ದದ್ದು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್ ಎಂಬುದನ್ನು ಮರೆಯಬೇಡಿ. ಸಿಂಗಲ್ ಕಾಯಿಲ್ ಆದರೂ ಟೋನ್ ನಾಬ್ ಅರ್ಧಕ್ಕೆ ಇಳಿಸಿದರೆ ಜಾಝ್‌ಗೆ ಸಲ್ಲುವ ದನಿ ಬರುತ್ತದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ‘ಹಮ್‌ಬಕರ್ ಇದೆ’ ಎಂದು ಬರೆದದ್ದನ್ನು ಓದಿ ಕೊಳ್ಳುತ್ತಾರೆ; ಅದು ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳು ಕೂರುವ ಆಧಾರ) ಬಳಿ ಇರುತ್ತದೆ. ಉದಾಹರಣೆಗೆ ಯಮಾಹಾ ಪೆಸಿಫಿಕಾ 112 ಕಡಿಮೆ ಬೆಲೆಯಲ್ಲಿ ಬಹಳ ಗಟ್ಟಿಯಾದ, ನಂಬಬಹುದಾದ ಗಿಟಾರ್. ಆದರೆ ಅದರ ಹಮ್‌ಬಕರ್ ಬ್ರಿಡ್ಜ್ ಬಳಿ ಇದ್ದು, ನೆಕ್ ಬಳಿ ಇರುವುದು ಸಿಂಗಲ್ ಕಾಯಿಲ್. ಜಾಝ್‌ನಲ್ಲಿ ನೀವು ಬಳಸುವುದು ಬಹುಪಾಲು ನೆಕ್ ಪಿಕಪ್ ಒಂದನ್ನೇ.

ಹತ್ತು ಸಾವಿರದ ಆಸುಪಾಸಿನಲ್ಲಿ ಏನಾದರೂ ಸಾಧ್ಯವೇ?

ಸಾಧ್ಯ, ಆದರೆ ಎಲೆಕ್ಟ್ರಿಕ್ ಬೇಡ. ಈ ಹಣದಲ್ಲಿ ಗಿಟಾರ್, ಆಂಪ್ ಎರಡೂ ಬರುವ ಕಟ್ಟುಗಳು ಸಿಗುತ್ತವೆ. ಶ್ರುತಿ ನಿಲ್ಲಿಸುವುದರಲ್ಲೇ ನಿಮ್ಮ ಸಂಜೆ ಕಳೆದುಹೋಗುತ್ತದೆ. ಅದರ ಬದಲು ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಕೊಳ್ಳಿ. ಯಮಾಹಾ ಸಿ40 ಎಲ್ಲೆಡೆ ಸಿಗುವ, ಆಂಪ್ ಬೇಡದ ವಾದ್ಯ. ಗಿಟಾರ್ ವಾದಕ ಚಾರ್ಲಿ ಬರ್ಡ್ ನೈಲಾನ್ ತಂತಿಯಲ್ಲೇ 1962ರಲ್ಲಿ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಸ್ ಜೊತೆ ಬ್ರೆಜಿಲ್‌ನ ಬೋಸಾ ನೋವಾ ಸಂಗೀತವನ್ನು ಅಮೆರಿಕದ ಮನೆಮನೆಗೆ ತಲುಪಿಸಿದರು. ಅದೇ ಸಂಗೀತದ ಬ್ರೆಜಿಲ್ ಗಾಯಕ ಜೊವಾವ್ ಜಿಲ್ಬರ್ಟೊ ಅವರ ಗಿಟಾರ್ ಕೂಡ ಅದೇ ಜಾತಿಯದು. ಜಾಝ್ ಕಾರ್ಡ್‌ಗಳನ್ನು, ಅವು ಒಂದರಿಂದ ಇನ್ನೊಂದಕ್ಕೆ ಜಾರುವ ಬಗೆಯನ್ನು ಕಲಿಯಲು ಬೋಸಾ ನೋವಾಕ್ಕಿಂತ ಒಳ್ಳೆಯ ಶಾಲೆ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ನೆಕ್ ಅಗಲವಾಗಿರುತ್ತದೆ, ಮೊದಲ ವಾರಗಳಲ್ಲಿ ಬೆರಳು ಗೊಣಗುತ್ತದೆ.

ಮನೆಯಲ್ಲಿ ಈಗಾಗಲೇ ಉಕ್ಕಿನ ತಂತಿಯ ಅಕೌಸ್ಟಿಕ್ ಇದ್ದರೆ ಅದನ್ನೇ ಮುಂದುವರಿಸಿ. ಜಾಂಗೊ ರೈನ್‌ಹಾರ್ಟ್ ಆಂಪ್ ಇಲ್ಲದ ಗಿಟಾರಿನಲ್ಲೇ, ಬೆಂಕಿಯಲ್ಲಿ ಎರಡು ಬೆರಳು ಮುದುಡಿಹೋದ ಎಡಗೈಯಿಂದ, ಯುರೋಪಿನ ಜಾಝ್‌ಗೆ ಸ್ವಂತ ದನಿ ಕೊಟ್ಟವರು.

ಇಪ್ಪತ್ತೈದು ಸಾವಿರದ ಸುತ್ತಮುತ್ತ?

ನಿಜವಾದ ಆಯ್ಕೆ ಶುರುವಾಗುವುದು ಇಲ್ಲಿಂದ. ಸ್ಕ್ವಯರ್ ಅಫಿನಿಟಿ ಟೆಲಿಕಾಸ್ಟರ್ ನನ್ನ ಮೊದಲ ಸಲಹೆ. ಚಲಿಸುವ ಬ್ರಿಡ್ಜ್ ಇಲ್ಲ, ಕೆಡುವ ಭಾಗ ಕಡಿಮೆ, ನೆಕ್ ಪಿಕಪ್ ಮೃದು. ಎರಡು ಹಮ್‌ಬಕರ್ ಇರುವ ಐಬನೆಜ್ ಜಿಯೋ ಸಾಲಿನ ಮಾದರಿಗಳು, ಎಪಿಫೋನ್‌ನ ಅಗ್ಗದ ಲೆಸ್ ಪಾಲ್‌ಗಳು ಕೂಡ ಸರಿ. ಲೆಸ್ ಪಾಲ್ ಎಂದರೆ ರಾಕ್ ಗಿಟಾರ್ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಆ ಹೆಸರಿನ ಮನುಷ್ಯ ಸ್ವತಃ ಜಾಝ್ ಗಿಟಾರ್ ವಾದಕ.

ಎತ್ತಿ ಇಳಿಸುವ ಟ್ರೆಮೊಲೊ ಬ್ರಿಡ್ಜ್ ಇರುವುದನ್ನು, ಅದರಲ್ಲೂ ತಂತಿಗೆ ಬೀಗ ಹಾಕುವ ಬಗೆಯದನ್ನು ಬಿಟ್ಟುಬಿಡಿ. ತಂತಿಯ ದಪ್ಪ ಬದಲಿಸಿದಾಗಲೆಲ್ಲ ಅದನ್ನು ಸಮತೋಲಕ್ಕೆ ತರುವುದೇ ಒಂದು ಕೆಲಸ.

ನಲವತ್ತು, ಐವತ್ತು ಸಾವಿರ ಇದೆ. ಈಗ ಹಾಲೋಬಾಡಿ ಕೊಳ್ಳಬಹುದೇ?

ಕೊಳ್ಳಬಹುದು. ಐಬನೆಜ್ 2002ರಲ್ಲಿ ಆರಂಭಿಸಿದ ಆರ್ಟ್‌ಕೋರ್ ಸಾಲು ಈ ವರ್ಗದಲ್ಲಿ ಬೆಲೆಯ ಲೆಕ್ಕವನ್ನೇ ಬದಲಿಸಿತು. ಅದರಲ್ಲಿ ಎಎಫ್75 ಪೂರ್ತಿ ಟೊಳ್ಳು. ಎಎಸ್73 ಅರೆಟೊಳ್ಳು, ಅಂದರೆ ಒಡಲ ನಡುವೆ ಉದ್ದಕ್ಕೆ ಒಂದು ಮರದ ದಿಮ್ಮಿ ಇದೆ. ಎಪಿಫೋನ್‌ನ ಇಎಸ್-335 ಬಗೆಯವೂ ಅರೆಟೊಳ್ಳೇ. ಈ ದಿಮ್ಮಿಯ ಉಪಾಯ ಗಿಬ್ಸನ್ 1958ರಲ್ಲಿ ತಂದದ್ದು.

ಎರಡರ ನಡುವೆ ಆರಿಸುವಾಗ ಎಲ್ಲಿ ನುಡಿಸುತ್ತೀರಿ ಎಂದು ಕೇಳಿಕೊಳ್ಳಿ. ಕೋಣೆಯಲ್ಲಿ, ಗೆಳೆಯರ ಜೊತೆ ಸಣ್ಣ ದನಿಯಲ್ಲಿ ಎಂದಾದರೆ ಪೂರ್ತಿ ಟೊಳ್ಳಿನದು ಸುಖ ಕೊಡುತ್ತದೆ. ಆಂಪ್ ಹಚ್ಚದೆ ರಾತ್ರಿ ಹೊತ್ತು ಅಭ್ಯಾಸ ಮಾಡುವಷ್ಟು ದನಿ ಅದಕ್ಕೇ ಇರುತ್ತದೆ. ಡ್ರಮ್ ಪಕ್ಕದಲ್ಲಿ ನಿಂತು ನುಡಿಸುವವರಿಗೆ ಅದು ತಲೆನೋವು. ಸ್ಪೀಕರಿನ ಸದ್ದು ಒಡಲನ್ನು ನಡುಗಿಸುತ್ತದೆ, ಒಡಲು ತಂತಿಯನ್ನು ನಡುಗಿಸುತ್ತದೆ, ಪಿಕಪ್ ಅದನ್ನು ಮತ್ತೆ ಸ್ಪೀಕರಿಗೆ ಕಳಿಸುತ್ತದೆ, ಕೆಲವೇ ಕ್ಷಣಗಳಲ್ಲಿ ಊಳಿಡುವ ಸದ್ದು ಏಳುತ್ತದೆ. ಎಫ್ ರಂಧ್ರಗಳಿಗೆ ಸ್ಪಂಜು ತುರುಕಿಯೋ, ಆಂಪ್‌ನಿಂದ ಪಕ್ಕಕ್ಕೆ ತಿರುಗಿ ನಿಂತೋ ನಿಭಾಯಿಸುವವರಿದ್ದಾರೆ. ಮದುವೆ ಮನೆ, ಹೋಟೆಲು, ಕಾಲೇಜು ವೇದಿಕೆ ಎಲ್ಲದಕ್ಕೂ ಒಂದೇ ಗಿಟಾರ್ ಎನ್ನುವವರು ಅರೆಟೊಳ್ಳಿನದನ್ನೇ ಕೊಳ್ಳಲಿ.

ಪೂರ್ತಿ ಟೊಳ್ಳಿನ ಕೆಲವು ಗಿಟಾರುಗಳಲ್ಲಿ ಬ್ರಿಡ್ಜ್ ಅಂಟಿಕೊಂಡಿರುವುದಿಲ್ಲ, ತಂತಿಯ ಒತ್ತಡದಲ್ಲೇ ಕುಳಿತಿರುತ್ತದೆ. ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸಿ. ಆರನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಜರುಗಿ, ಸ್ವರಸ್ಥಾನಗಳೆಲ್ಲ ತಪ್ಪುತ್ತವೆ.

ತಂತಿಯಿಂದ ಅಷ್ಟು ವ್ಯತ್ಯಾಸವಾಗುತ್ತದೆಯೇ?

ಇನ್ನಾವುದರಿಂದಲೂ ಆಗದಷ್ಟು. ಹೊಸ ಗಿಟಾರಿನಲ್ಲಿ ಸಾಮಾನ್ಯವಾಗಿ ಇರುವುದು 9ರ ಅಥವಾ 10ರ ರೌಂಡ್‌ವೌಂಡ್ ತಂತಿ, ಅಂದರೆ ಮೊದಲ ತಂತಿಯ ದಪ್ಪ ಇಂಚಿನ ಸಾವಿರದಲ್ಲಿ 9 ಅಥವಾ 10 ಪಾಲು. ಜಾಝ್‌ನಲ್ಲಿ ಬಳಕೆ ಹೆಚ್ಚು ಇರುವುದು 11ರ ಅಥವಾ 12ರ ಫ್ಲಾಟ್‌ವೌಂಡ್. ಸುತ್ತಿದ ಸರಿಗೆ ಗುಂಡಗಿರುವ ಬದಲು ಪಟ್ಟಿಯಂತೆ ಚಪ್ಪಟೆಯಾಗಿರುವುದರಿಂದ ಬೆರಳು ಸರಿಸಿದಾಗ ಕಿರ್ ಎನ್ನುವುದಿಲ್ಲ, ದನಿಯ ತುದಿ ಮೊಂಡಾಗುತ್ತದೆ, ಸ್ವರದ ತಿರುಳು ಉಳಿಯುತ್ತದೆ. ಡಿಅಡಾರಿಯೊ ಕ್ರೋಮ್ಸ್ ನಮ್ಮಲ್ಲಿ ಕಷ್ಟಪಡದೆ ಸಿಗುತ್ತದೆ. ವಿಯೆನ್ನಾದ ಥಾಮಸ್ಟಿಕ್-ಇನ್‌ಫೆಲ್ಡ್ ಇನ್ನೂ ಮೃದು, ಬೆಲೆಯೂ ಮೇಲೆ.

ಮಾಮೂಲಿ ತಂತಿಗಿಂತ ಇವು ದುಬಾರಿ ಎಂಬುದು ನಿಜ. ಆದರೆ ಹಳತಾದಷ್ಟೂ ಇವುಗಳ ದನಿ ಜಾಝ್‌ಗೆ ಒಗ್ಗುತ್ತದೆ. ತಿಂಗಳುಗಟ್ಟಲೆ ಬದಲಿಸದೆ ನುಡಿಸಬಹುದು. ಲೆಕ್ಕ ಹಾಕಿದರೆ ಉಳಿತಾಯವೇ.

ಗಿಟಾರ್ ಬದಲಿಸುವ ಯೋಚನೆ ಬಂದಾಗಲೆಲ್ಲ ಮೊದಲು ಒಂದು ಸೆಟ್ ಫ್ಲಾಟ್‌ವೌಂಡ್ ಹಾಕಿಸಿ, ನೆಕ್ ಪಿಕಪ್‌ಗೆ ಬದಲಿಸಿ, ಟೋನ್ ಹತ್ತರಲ್ಲಿ ಐದಕ್ಕೆ ಇಳಿಸಿ ಒಂದು ವಾರ ನುಡಿಸಿ. ಆಮೇಲೆ ಅಂಗಡಿಗೆ ಹೋಗುವ ಅಗತ್ಯವೇ ಅನೇಕರಿಗೆ ಇರುವುದಿಲ್ಲ.

ಕರ್ನಾಟಕ ಸಂಗೀತ ಕಲಿತವನು ನಾನು. ಫ್ಲಾಟ್‌ವೌಂಡ್‌ನಲ್ಲಿ ಗಮಕ ಬರುತ್ತದೆಯೇ?

12ರ ಸೆಟ್‌ನಲ್ಲಿ ಕಷ್ಟ. ಮೂರನೆಯ ತಂತಿಯೂ ಸರಿಗೆ ಸುತ್ತಿದ್ದಾಗಿರುವುದರಿಂದ ಎಳೆದರೆ ಸ್ವರ ಬೇಕಾದದ್ದರ ಅರ್ಧ ದೂರವೂ ಏರುವುದಿಲ್ಲ, ಬೆರಳು ನೋಯುತ್ತದೆ. ಜಾರು ಮಾತ್ರ ರೌಂಡ್‌ವೌಂಡ್‌ಗಿಂತ ಸೊಗಸಾಗಿ ಬರುತ್ತದೆ, ಏಕೆಂದರೆ ತಂತಿಯ ಮೈ ನುಣುಪು. ಕಂಪಿತ, ಎಳೆತ ಎರಡೂ ಬೇಕು ಎನ್ನುವವರು 10ರ ರೌಂಡ್‌ವೌಂಡ್‌ನಲ್ಲೇ ಉಳಿದು, ಟೋನ್ ನಾಬ್‌ನಿಂದ ಕೆಲಸ ಮಾಡಿಸಲಿ.

ಸೆಟಪ್ ಎಂದರೇನು? ಅದಕ್ಕೆ ಬೇರೆ ದುಡ್ಡು ಕೊಡಬೇಕೇ?

ಕೊಡಬೇಕು, ಕೊಟ್ಟ ಪ್ರತಿ ರೂಪಾಯಿಗೂ ಅರ್ಥವಿದೆ. ನೆಕ್ ಒಳಗಿನ ಉಕ್ಕಿನ ಸರಳನ್ನು ತಿರುಗಿಸಿ ಬಾಗು ಸರಿಪಡಿಸುವುದು, ಬ್ರಿಡ್ಜ್ ಎತ್ತರ ಹೊಂದಿಸುವುದು, ಪ್ರತಿ ತಂತಿಯ ಉದ್ದ ಹೊಂದಿಸಿ ಹನ್ನೆರಡನೆಯ ಫ್ರೆಟ್‌ನಲ್ಲಿ ಸ್ವರ ಸರಿ ಬರುವಂತೆ ಮಾಡುವುದು, ಚೂಪಾದ ಫ್ರೆಟ್ ತುದಿಗಳನ್ನು ಉಜ್ಜುವುದು – ಇಷ್ಟೂ ಸೇರಿ ಸೆಟಪ್. ದಪ್ಪ ತಂತಿಗೆ ಬದಲಿಸುವಾಗ ನೆಕ್ ಮೇಲಿನ ಎಳೆತ ಹೆಚ್ಚುತ್ತದೆ, ನಟ್‌ನ (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಸೀಳುಗಳೂ ಸಾಲದಾಗುತ್ತವೆ. ಹಾಗಾಗಿ ತಂತಿಯನ್ನು ಮೊದಲು ಕೊಂಡು, ಅದನ್ನು ಹಾಕಿಯೇ ಸೆಟಪ್ ಮಾಡಿಸಿ. ಹನ್ನೆರಡನೆಯ ಫ್ರೆಟ್ ಮೇಲೆ ದಪ್ಪ ತಂತಿ ಎರಡು ಮಿಲಿಮೀಟರ್ ಆಸುಪಾಸು ಎತ್ತರವಿದ್ದರೆ ಆರಂಭಕ್ಕೆ ಸರಿ.

ಜಾಝ್‌ನಲ್ಲಿ ಇದು ಇನ್ನಷ್ಟು ಮುಖ್ಯವಾಗಲು ಕಾರಣವಿದೆ. ನಾಲ್ಕೈದು ಬೇರೆ ಬೇರೆ ಸ್ವರಗಳ ಕಾರ್ಡ್‌ಗಳನ್ನು ನೆಕ್ ಉದ್ದಕ್ಕೂ ಹಿಡಿಯುತ್ತೀರಿ. ಒಂದು ತಂತಿ ಕೂದಲೆಳೆಯಷ್ಟು ತಪ್ಪಿದರೂ ಇಡೀ ಕಾರ್ಡ್ ಹುಳಿಯಾಗುತ್ತದೆ.

ಆಂಪ್ ಎಂಥದಿರಬೇಕು?

ಸ್ವಚ್ಛವಾಗಿ, ಒಡೆಯದೆ ನುಡಿಯುವಂಥದು. ವ್ಯಾಕ್ಯೂಮ್ ಟ್ಯೂಬ್‌ನದೇ ಬೇಕೆಂಬ ಹಟ ಬೇಡ. 1975ರಲ್ಲಿ ಬಂದ ರೋಲ್ಯಾಂಡ್ ಜಾಝ್ ಕೋರಸ್, ಜೋ ಪಾಸ್ ಬಳಸುತ್ತಿದ್ದ ಪಾಲಿಟೋನ್, ಎರಡೂ ಟ್ರಾನ್ಸಿಸ್ಟರ್ ಆಂಪ್‌ಗಳೇ. ಮನೆಗೆ ಇಪ್ಪತ್ತು ವ್ಯಾಟ್, ಎಂಟು ಇಂಚಿನ ಸ್ಪೀಕರ್ ಸಾಕು. ಗೇನ್ ಕೆಳಗೆ, ಟ್ರೆಬಲ್ ಅರ್ಧಕ್ಕಿಂತ ಕಡಿಮೆ, ಮಧ್ಯದ ಸ್ವರಗಳನ್ನು ಕುಗ್ಗಿಸದೆ ಇಡಿ. ಬೇಸ್ ಹೆಚ್ಚಿಸುವ ಆಸೆ ಎಲ್ಲರಿಗೂ ಬರುತ್ತದೆ. ತಂಡದಲ್ಲಿ ಬೇಸ್ ವಾದಕ ಇದ್ದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಎಫೆಕ್ಟ್ ಪೆಡಲುಗಳು ಸದ್ಯಕ್ಕೆ ಬೇಡ.

ಆಂಪ್‌ನಿಂದ ಸದಾ ಗುಂಯ್ ಎಂಬ ಸದ್ದು ಬರುತ್ತದೆ. ಗಿಟಾರ್ ಕೆಟ್ಟಿದೆಯೇ?

ತಂತಿಯನ್ನು ಬೆರಳಿನಿಂದ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಮಾಮೂಲು. ಸಿಂಗಲ್ ಕಾಯಿಲ್ ಪಿಕಪ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಗಾಳಿಯಿಂದಲೇ ಹಿಡಿಯುತ್ತದೆ. ಫ್ಯಾನ್ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ದೀಪ, ಲ್ಯಾಪ್‌ಟಾಪ್ ಚಾರ್ಜರ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಹಮ್‌ಬಕರ್‌ನಲ್ಲೂ ಸದ್ದು ಜೋರಾಗಿದ್ದರೆ, ತಂತಿ ಮುಟ್ಟಿದಾಗ ಕೈ ಜುಮ್ಮೆಂದರೆ, ಆಟ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸಿ. ಅದು ಜೀವದ ವಿಷಯ.

ಮಂಗಳೂರಿನ ಮಳೆ, ಕಲಬುರಗಿಯ ಬೇಸಿಗೆ: ಗಿಟಾರ್ ತಾಳುತ್ತದೆಯೇ?

ಪ್ಲೈವುಡ್ ಒಡಲು ಇಡೀ ಮರದ ಒಡಲಿಗಿಂತ ಚೆನ್ನಾಗಿ ತಾಳುತ್ತದೆ. ನೆಕ್ ಮಾತ್ರ ಎಲ್ಲದರಲ್ಲೂ ಮರವೇ. ಅದು ತೇವಕ್ಕೆ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಫ್ರೆಟ್ ತುದಿಗಳು ಕೈಗೆ ಚುಚ್ಚತೊಡಗಿದರೆ ಮರ ಕುಗ್ಗಿದೆ ಎಂದರ್ಥ. ಕರಾವಳಿಯಲ್ಲಿ ಜೂನ್‌ನಿಂದ ಗಿಟಾರನ್ನು ಗೋಡೆಗೆ ತೂಗುಹಾಕದೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪೆಟ್ಟಿಗೆಯಲ್ಲಿ ಇಡಿ. ನುಡಿಸಿದ ಮೇಲೆ ತಂತಿಯನ್ನು ಒಣ ಬಟ್ಟೆಯಿಂದ ಒರೆಸಿ.

ಅಂದಹಾಗೆ, ಪ್ರಪಂಚದ ಲೆಕ್ಕವಿಲ್ಲದಷ್ಟು ಗಿಟಾರುಗಳ ಫಿಂಗರ್‌ಬೋರ್ಡ್ ಆಗಿರುವ ‘ಇಂಡಿಯನ್ ರೋಸ್‌ವುಡ್’ ನಮ್ಮ ಮಲೆನಾಡಿನ ಬೀಟೆ ಮರವೇ.

ಸೆಕೆಂಡ್ ಹ್ಯಾಂಡ್ ಕೊಂಡರೆ ಮೋಸ ಹೋಗುತ್ತೇನೆಯೇ?

ನೋಡಿ ಕೊಂಡರೆ ಇಲ್ಲ. ಹೊಸದರ ಹಣದಲ್ಲಿ ಒಂದು ಮೆಟ್ಟಿಲು ಮೇಲಿನ ಗಿಟಾರ್ ಸಿಗುವುದು ಇಲ್ಲೇ. ಮೂರನೆಯ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ, ನಡುವೆ ಎಷ್ಟು ಸಂದು ಇದೆ ನೋಡಿ. ತೆಳು ಕಾಗದ ತೂರುವಷ್ಟಿದ್ದರೆ ಒಳ್ಳೆಯದು. ತಂತಿಯ ಕೆಳಗೆ ನಾಣ್ಯ ಜಾರುವಷ್ಟಿದ್ದರೆ, ನೆಕ್ ಒಳಗಿನ ಸರಳು ಇನ್ನೂ ತಿರುಗುತ್ತದೆಯೇ ಎಂದು ಕೇಳಿ. ಹಿಂದಕ್ಕೆ ಬಾಗಿದ ತಲೆಯಿರುವ ಗಿಬ್ಸನ್, ಎಪಿಫೋನ್ ಬಗೆಯವುಗಳಲ್ಲಿ ನಟ್ ಹಿಂಭಾಗವನ್ನು ಬೆಳಕಿಗೆ ಹಿಡಿದು ಬಿರುಕಿನ ಗುರುತು ಹುಡುಕಿ. ಬಿದ್ದ ಗಿಟಾರ್ ಒಡೆಯುವುದು ಅಲ್ಲೇ. ಹತ್ತನೆಯ ಒಂದು ಪಾಲು ಬೆಲೆಗೆ ‘ಗಿಬ್ಸನ್’ ಎಂದು ಬರೆದದ್ದು ಸಿಕ್ಕರೆ, ಬರೆದದ್ದು ಮಾತ್ರ ಗಿಬ್ಸನ್.

ಅಮೆರಿಕದಲ್ಲಿರುವ ಅಣ್ಣ ತಂದುಕೊಡುತ್ತಾನಂತೆ. ತರಿಸಲೇ?

ಗಿಟಾರ್ ಆದರೆ ತರಿಸಿ, ಹೊರಡುವ ಮುನ್ನ ವಿಮಾನ ಸಂಸ್ಥೆಯ ನಿಯಮವನ್ನೂ ಸುಂಕವಿಲ್ಲದೆ ತರಬಹುದಾದ ಮಿತಿಯನ್ನೂ ನೋಡಿಕೊಳ್ಳಲಿ. ತಂತಿಗಳನ್ನು ತುಸು ಸಡಿಲಿಸಿ, ಗಟ್ಟಿ ಪೆಟ್ಟಿಗೆಯಲ್ಲಿ ಹಾಕಲಿ. ಆಂಪ್ ಬೇಡ. ಅಲ್ಲಿಯದು 120 ವೋಲ್ಟ್‌ನದು, ಇಲ್ಲಿ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ. ಸೂಟ್‌ಕೇಸಿನಲ್ಲಿ ಜಾಗ ಉಳಿದರೆ ನಾಲ್ಕು ಸೆಟ್ ಫ್ಲಾಟ್‌ವೌಂಡ್ ತರಲು ಹೇಳಿ.

ಯಾರ ದನಿಯನ್ನು ಮಾದರಿಯಾಗಿ ಇಟ್ಟುಕೊಳ್ಳಲಿ?

ಜಿಮ್ ಹಾಲ್, ಜೋ ಪಾಸ್, ಪ್ಯಾಟ್ ಮೆಥೀನಿ ಮೂವರೂ ಇಎಸ್-175 ನುಡಿಸಿದವರು. ಮೂವರನ್ನೂ ಒಂದೇ ಸಂಜೆ ಕೇಳಿ. ಒಬ್ಬರದು ಪಿಸುಮಾತು, ಇನ್ನೊಬ್ಬರದು ಬಿಗಿ ಹೆಣಿಗೆ, ಮತ್ತೊಬ್ಬರದು ಹೊಳೆಯುವ ಹರವು. ವೆಸ್ ಮಾಂಟ್‌ಗೊಮರಿ ಪಿಕ್ ಬಿಟ್ಟು ಹೆಬ್ಬೆರಳಿನಿಂದಲೇ ಮೀಟುತ್ತಿದ್ದರು. ಆ ದನಿ ಬೇಕಿದ್ದರೆ ಖರ್ಚು ಏನೂ ಇಲ್ಲ. ನಮ್ಮವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಕೋಲ್ಕತ್ತದಲ್ಲಿ ನೆಲೆಸಿ, 2016ರಲ್ಲಿ ತೀರಿಕೊಂಡ ಕಾರ್ಲ್‌ಟನ್ ಕಿಟ್ಟೊ ಅವರನ್ನು ಕೇಳದೆ ಇರಬೇಡಿ. ಬೀಬಾಪ್ ಎಂಬ ಜಾಝ್ ಶೈಲಿಯನ್ನು ಕೊನೆಯವರೆಗೂ ಬಿಡದೆ ನುಡಿಸಿ, ಕಲಿಸಿದವರು.

ಅಂಗಡಿಯಲ್ಲಿ ಏನು ನುಡಿಸಿ ಪರೀಕ್ಷಿಸಬೇಕು?

ವೇಗದ್ದೇನನ್ನೂ ಅಲ್ಲ. ಮೊದಲು ಆಂಪ್ ಹಚ್ಚದೆ ಪ್ರತಿ ತಂತಿಯ ಪ್ರತಿ ಫ್ರೆಟ್ ಮೀಟಿ, ಎಲ್ಲಿ ಝೇಂಕರಿಸುತ್ತದೆ, ಎಲ್ಲಿ ಸತ್ತುಹೋಗುತ್ತದೆ ಕೇಳಿ. ಆಮೇಲೆ ಮೊದಲ ಫ್ರೆಟ್ ಬಳಿ ಒಂದು ಸೆವೆಂತ್ ಕಾರ್ಡ್ ಹಿಡಿದು, ಅದನ್ನೇ ಎಂಟನೆಯ ಫ್ರೆಟ್‌ಗೆ ಒಯ್ದು ನೋಡಿ. ಎರಡೂ ಕಡೆ ಶ್ರುತಿಶುದ್ಧವಾಗಿ ಕೇಳಬೇಕು. ಆಂಪ್ ಹಚ್ಚಿದ ಮೇಲೆ ನೆಕ್ ಪಿಕಪ್ ಆರಿಸಿ ವಾಲ್ಯೂಮ್, ಟೋನ್ ನಾಬ್‌ಗಳನ್ನು ನಿಧಾನಕ್ಕೆ ಇಳಿಸಿ. ಚರಚರ ಸದ್ದು ಬರಬಾರದು, ಟೋನ್ ಇಳಿದಂತೆ ದನಿ ಕ್ರಮವಾಗಿ ಮೃದುವಾಗಬೇಕು. ಕಡೆಯ ಅಂಚಿನಲ್ಲಿ ಒಮ್ಮೆಲೇ ಮಂಕಾದರೆ ಆ ನಾಬ್ ಅಗ್ಗದ್ದು, ಸ್ವಲ್ಪ ಖರ್ಚಿನಲ್ಲಿ ಬದಲಿಸಬಹುದು. ಕೊನೆಗೆ ಗಿಟಾರನ್ನು ಮಡಿಲಲ್ಲಿಟ್ಟು ನೆಕ್‌ನಿಂದ ಎಡಗೈ ತೆಗೆಯಿರಿ. ತಲೆ ನೆಲದತ್ತ ವಾಲಿದರೆ, ಗಂಟೆಗಟ್ಟಲೆ ಕುಳಿತು ನುಡಿಸುವ ನಿಮ್ಮ ಎಡಗೈಯೇ ಅದನ್ನು ಹೊರಬೇಕಾಗುತ್ತದೆ. ಅಂಥದ್ದನ್ನು ವಾಪಸ್ ಗೋಡೆಗೆ ನೇತುಹಾಕಿಸಿ, ಮುಂದಿನದನ್ನು ಕೇಳಿ.